ಉಡುಪಿ ಟವರ್

ಮಧ್ವರಾಜ ಭಟ್ಟರ ಮೈಮೇಲೆ ಸೋಪು ಇರುವಾಗಲೇ ನಳ್ಳಿಯಲ್ಲಿ ನೀರು ನಿಂತಿತು.

“ರಘೂ, ಪಂಪು ಹಾಕು ಮಾರಾಯ!” ಎಂದು ಅವರು ಬಚ್ಚಲಿನಿಂದ ಕೂಗಿದರು.

ಅಡುಗೆಮನೆಯಲ್ಲಿ ಕಾವಲಿಯ ಮೇಲಿನ ದೋಸೆ ಚುಂಯ್ ಎನ್ನುತ್ತಿತ್ತು. ಭಟ್ಟರು ಎರಡನೆಯ ಸಲ ಕೂಗಲಿಲ್ಲ. ಕೂಗಿದವರಿಗೂ ನೆನಪಾಗಿತ್ತು.

ಮಗ ರಘುವೀರನ ಕರ್ಮಾಂತರಗಳೆಲ್ಲ ಮುಗಿದು ನೆಂಟರು ಹಿಂದಿನ ಸಂಜೆಯೇ ಬಸ್ಸು ಹತ್ತಿದ್ದರು. ಬಾಡಿಗೆಗೆ ತಂದ ಪಾತ್ರೆಗಳೂ ಹೋಗಿದ್ದವು. ಇಷ್ಟು ದಿನ ಯಾರೋ ಪಂಪು ಹಾಕುತ್ತಿದ್ದರು, ಯಾರೋ ಹಾಲು ತರುತ್ತಿದ್ದರು. ಇವತ್ತು ಕುಂಜಿಬೆಟ್ಟಿನ ಆ ಮನೆಯಲ್ಲಿ ಉಳಿದದ್ದು ಭಟ್ಟರು, ಹೆಂಡತಿ ಸುಭಾಷಿಣಿ, ಮಗಳು ಸಮೀಕ್ಷಾ, ಸೊಸೆ ಹರಿಪ್ರಿಯಾ, ಇಷ್ಟೇ ಜನ. ಪಂಪು ಹಾಕುವುದು ರಘುವೀರನ ಕೆಲಸವಾಗಿತ್ತು. ಅದೊಂದು ಕೆಲಸ ಎಂದು ಅದುವರೆಗೆ ಯಾರಿಗೂ ಅನಿಸಿರಲಿಲ್ಲ.

ಹರಿಪ್ರಿಯಾ ಎದ್ದು ಹಿತ್ತಿಲ ಬಾಗಿಲ ಹಿಂದಿನ ಸ್ವಿಚ್ಚು ಒತ್ತಿದಳು. ಪಕ್ಕದ ಹಲಗೆಯ ಮೇಲೆ ಎರಡು ವಾಕಿಟಾಕಿಗಳು ಚಾರ್ಜಿಗೆ ಕುಳಿತಿದ್ದವು. ಎರಡರಲ್ಲೂ ಹಸಿರು ದೀಪ. ಇಲಿಜ್ವರ ಎಂದು ಗಂಡನನ್ನು ಆಸ್ಪತ್ರೆಗೆ ಕೊಂಡುಹೋದ ದಿನದಿಂದ ಅವು ಹಾಗೆಯೇ ಇದ್ದವು. ತೆಗೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ದೋಸೆ ಬಡಿಸುತ್ತಾ ಸುಭಾಷಿಣಿ ಅದೇ ಮಾತು ಎತ್ತಿದರು. “ಅದು ಯಾರದ್ದು, ಆ ರೇಡಿಯೋ?”

“ಕಾಪುವಿನ ಅಲೆಕ್ಸಾಂಡರನದ್ದು ಅತ್ತೆ. ಶಾಮಿಯಾನದವನು. ಮದುವೆ ಮನೆಯಲ್ಲಿ ಪಾರ್ಕಿಂಗ್ ನೋಡುವವರಿಗೆ ಕೊಡುವುದಂತೆ.”

“ಕೇಳಿ ತಂದದ್ದಾ?”

“ಹೌದು. ಎರಡು ದಿನಕ್ಕೆ ಅಂತ.”

“ಹಾಗಾದರೆ ವಾಪಸು ಕೊಟ್ಟು ಬಾ. ಹೋದವನು ಕೇಳಿ ತಂದ ವಸ್ತು ಮನೆಯಲ್ಲಿ ಇರಬಾರದು. ಅವನಿಗೆ ದಾರಿಯಲ್ಲಿ ಭಾರ.”

“ಅಮ್ಮಾ, ದೋಸೆ ತಿನ್ನಲಿಕ್ಕಾದರೂ ಬಿಡು,” ಎಂದಳು ಸಮೀಕ್ಷಾ. ಮಣಿಪಾಲದ ಕಣ್ಣಿನ ಡಾಕ್ಟರರ ಬಳಿ ಅವಳಿಗೆ ಕೆಲಸ. ಎಂಟೂವರೆಯ ಬಸ್ಸು ತಪ್ಪಿದರೆ ಬೈಗುಳ.

“ತಿನ್ನಬೇಡ ಅಂದೆನಾ ನಾನು? ಚಟ್ನಿ ಹಾಕಿಕೋ.”

ಹರಿಪ್ರಿಯಾ ಹೂಂ ಎಂದಳು. ಆಗೆಲ್ಲ ಅವಳು ಎಲ್ಲದಕ್ಕೂ ಹೂಂ ಎನ್ನುತ್ತಿದ್ದಳು.

ಆ ವಾಕಿಟಾಕಿಗಳು ಮನೆಗೆ ಬಂದದ್ದು ಅವಳಿಗಾಗಿ. ಮದುವೆಗೆ ಮುಂಚೆ ಭೌತಶಾಸ್ತ್ರದ ಡಿಗ್ರಿ ಮುಗಿಸಿ ಅವಳು ದಕ್ಷಿಣ ಆಫ್ರಿಕಾದಲ್ಲಿ ವಿಮಾನ ಹಾರಿಸಲು ಕಲಿತು ಬಂದಿದ್ದಳು. ಎರಡು ಎಂಜಿನ್ನಿನದು, ಮೋಡದೊಳಗೆ ಉಪಕರಣ ನೋಡಿಯೇ ಹಾರಿಸುವುದು, ಎಲ್ಲವೂ ಅಲ್ಲಿಯ ಲೈಸೆನ್ಸಿನಲ್ಲಿತ್ತು. ಆದರೆ ಅದನ್ನು ಹಿಡಿದುಕೊಂಡು ಇಲ್ಲಿ ಕೆಲಸ ಮಾಡುವ ಹಾಗಿಲ್ಲ. ಇಲ್ಲಿಯದಾಗಿ ಬದಲಾಯಿಸಿಕೊಳ್ಳಬೇಕು, ಅದೂ ಅಲ್ಲಿಯದರ ಅವಧಿ ಮುಗಿಯುವ ಮೊದಲು. ಅವಧಿ ಇದ್ದದ್ದು ಆ ವರ್ಷದ ಕೊನೆಯವರೆಗೆ. ವೈದ್ಯಕೀಯ ಪರೀಕ್ಷೆ ಆಗಿತ್ತು, ಬರೆಯುವ ಪರೀಕ್ಷೆಗಳು ಪಾಸಾಗಿದ್ದವು, ಲೈಸೆನ್ಸು ನಿಜವಾದದ್ದೇ ಎಂದು ಆ ದೇಶದಿಂದ ಉತ್ತರವೂ ಬಂದಿತ್ತು. ಉಳಿದದ್ದು ರೇಡಿಯೋ ಪರೀಕ್ಷೆ. ಅದಾದರೆ ಇಲ್ಲಿಯ ಆಕಾಶದಲ್ಲಿ ಹಾರಿಸಿ ತೋರಿಸುವುದು. ಹಾರಾಟದ ಶಾಲೆಗೆ ಮುಂಗಡವನ್ನು ರಘುವೀರ ಕಟ್ಟಿ ಆಗಿತ್ತು.

ರೇಡಿಯೋ ಪರೀಕ್ಷೆಯಲ್ಲಿ ಅವಳು ಒಮ್ಮೆ ಬಿದ್ದಿದ್ದಳು. ವಿಮಾನ ನಿಲ್ದಾಣದ ಟವರಿನವರು ಹೇಳಿದ್ದನ್ನು ಪೈಲಟ್ ಪೂರ್ತಿಯಾಗಿ ತಿರುಗಿ ಹೇಳಬೇಕು. ಅವಳು ಗಡಿಬಿಡಿಯಲ್ಲಿ ‘ರೋಜರ್’ ಎಂದು ಮುಗಿಸಿದ್ದಳು. ಕೇಳಿಸಿತು ಎಂದಷ್ಟೇ ಅದರ ಅರ್ಥ. ಅಳುತ್ತಾ ಬಂದವಳಿಗೆ ರಘುವೀರ, “ಇದಕ್ಕೆಂತ ಅಳುವುದು? ನಾನೇ ಟವರ್ ಆಗುತ್ತೇನೆ,” ಎಂದು ಕಾಪುವಿಗೆ ಹೋಗಿ ಈ ಜೋಡಿಯನ್ನು ತಂದಿದ್ದ. ಉಡುಪಿಯಲ್ಲಿ ವಿಮಾನ ನಿಲ್ದಾಣವೇ ಇಲ್ಲ. ಟವರ್ ಮಾತ್ರ ಇತ್ತು, ಅದೂ ಅವರ ಮನೆಯ ಟೆರೇಸಿನಲ್ಲಿ, ಬಟ್ಟೆ ಒಣಗಿಸುವ ಹಗ್ಗದ ಕೆಳಗೆ. ಅವಳ ವಿಮಾನಕ್ಕೆ ಹೋಟೆಲ್ ಪಾಪಾ ರೋಮಿಯೊ ಎಂದು ಹೆಸರಿಟ್ಟವನೂ ಅವನೇ. ರೇಡಿಯೋ ಭಾಷೆಯಲ್ಲಿ ಅದು ಎಚ್, ಪಿ, ಆರ್: ಹರಿ, ಪ್ರಿಯಾ, ರಘು. “ನಾನು ಕೊನೆಯಲ್ಲಿದ್ದರೆ ಸಾಕು,” ಎಂದಿದ್ದ. ನಾಲ್ಕು ಸಲ ಅಭ್ಯಾಸ ಆಗಿತ್ತೋ ಇಲ್ಲವೋ, ಜ್ವರ ಬಂತು.

ಭಾನುವಾರ ಕಾರ್ಕಳದಿಂದ ಅವಳ ತಮ್ಮ ಅಭಿರಾಮ ಬಂದ. ಅಲ್ಲಿ ಅವನದೊಂದು ಔಷಧಿ ಅಂಗಡಿ. ಊಟಕ್ಕೆ ಕೂತವನು ಅನ್ನಕ್ಕೆ ಸಾರು ಬೀಳುವ ಮೊದಲೇ ವಿಷಯಕ್ಕೆ ಬಂದ.

“ಅಕ್ಕ, ನಮ್ಮಲ್ಲಿಯ ಶಾಲೆಯಲ್ಲಿ ಫಿಸಿಕ್ಸಿಗೆ ಜನ ಬೇಕಂತೆ. ಮಾತಾಡಿ ಇಟ್ಟಿದ್ದೇನೆ. ನೀನು ಕಾರ್ಕಳಕ್ಕೆ ಬಂದುಬಿಡು.”

“ಹೂಂ,” ಎಂದಳು ಹರಿಪ್ರಿಯಾ.

“ಆ ಲೈಸೆನ್ಸು ಇನ್ನು ಬಿಡು, ಅಲ್ವಾ? ಯಾರು ಓಡಾಡುವುದು ಅದರ ಹಿಂದೆ? ಭಾವ ಇದ್ದರು, ಆಯಿತು.”

“ಅದೂ ಅಲ್ಲದೆ ವರ್ಷ ಆಗದೆ ಈ ಮನೆಯಲ್ಲಿ ಹೊಸತು ಎಂತದ್ದೂ ಆರಂಭ ಮಾಡುವ ಹಾಗಿಲ್ಲ,” ಎಂದರು ಸುಭಾಷಿಣಿ. “ಹಬ್ಬ ಇಲ್ಲ, ಪ್ರಯಾಣ ಇಲ್ಲ. ಇವಳು ಆಕಾಶಕ್ಕೆ ಹೋಗಿ ಏನಾದರೂ ಆದರೆ? ಒಬ್ಬನದ್ದು ಆಯಿತು, ಸಾಕು.”

“ಅತ್ತಿಗೆ, ನೀವು ಎಂತ ಹೇಳ್ತೀರಿ?” ಸಮೀಕ್ಷಾ ಕೇಳಿದಳು.

ಹರಿಪ್ರಿಯಾ ತಟ್ಟೆಯಲ್ಲಿದ್ದ ಸೌತೆಕಾಯಿ ಹೋಳನ್ನು ಬದಿಗೆ ಸರಿಸಿದಳು. ಊಟವಾದ ಮೇಲೆ ಪಾತ್ರೆ ತೊಳೆದಳು. ಹಲಗೆಯ ಮೇಲಿದ್ದ ಚಾರ್ಜರಿನ ಪ್ಲಗ್ಗು ಕಿತ್ತು, ಎರಡೂ ವಾಕಿಟಾಕಿಗಳನ್ನು ಬಟ್ಟೆಯ ಚೀಲಕ್ಕೆ ಹಾಕಿ, ಸ್ಕೂಟರಿನ ಬೀಗದಕೈ ಹುಡುಕಿದಳು.

“ಎಲ್ಲಿಗೆ?” ಜಗಲಿಯಲ್ಲಿ ಪಂಚಾಂಗ ನೋಡುತ್ತಿದ್ದ ಭಟ್ಟರು ತಲೆ ಎತ್ತಿದರು.

“ಕಾಪುವಿಗೆ ಮಾವ. ಇದನ್ನು ಕೊಟ್ಟು ಬರುತ್ತೇನೆ.”

“ನಿನ್ನ ಪರೀಕ್ಷೆ ಆಯಿತಾ?”

“ಇಲ್ಲ.”

“ಮತ್ತೆ? ಮುಗಿಯದೆ ಕೊಡುವ ಹಾಗಿಲ್ಲ. ಇಡು ಅಲ್ಲಿ.”

ಸುಭಾಷಿಣಿ ಸೆರಗಿಗೆ ಕೈ ಒರೆಸುತ್ತಾ ಹೊರಗೆ ಬಂದರು. “ನೀವು ಸುಮ್ಮನೆ ಇರಿ. ವರ್ಷದೊಳಗೆ ಹೊಸ ಕೆಲಸ ಕೂಡದು ಅಂತ ಊರಿಗೆಲ್ಲ ಹೇಳುವವರು ನೀವೇ.”

“ಹೊಸತು ಕೂಡದು ಅಂದದ್ದು. ಆರಂಭವಾದದ್ದನ್ನು ನಿಲ್ಲಿಸು ಅಂತ ನಾನು ಯಾವ ಮನೆಯಲ್ಲಿಯೂ ಹೇಳಿಲ್ಲ. ಹೋದ ವರ್ಷ ಅಜೆಕಾರಿನಲ್ಲಿ ಮದುವೆಯ ಸಂಕಲ್ಪ ಆದ ಮೇಲೆ ಅಜ್ಜಿ ತೀರಿಕೊಂಡರು. ಮದುವೆ ನಿಂತಿತಾ? ನಾನೇ ಮಾಡಿಸಿದ್ದಲ್ಲವಾ? ಸಂಕಲ್ಪ ಆಗಿ ಆರಂಭವಾದ ಕರ್ಮಕ್ಕೆ ಸೂತಕ ಅಡ್ಡ ಬರುವುದಿಲ್ಲ.”

“ಅದು ಮದುವೆ. ಇದಕ್ಕೆ ಸಂಕಲ್ಪ ಯಾರು ಮಾಡಿದ್ದು? ಯಾವಾಗ?”

ಭಟ್ಟರು ಪಂಚಾಂಗ ಮುಚ್ಚಿದರು. “ನಿನ್ನ ಮಗ ಹುಟ್ಟಿದಂದಿನಿಂದ ಯಾರ ಹತ್ತಿರವಾದರೂ ಏನಾದರೂ ಕೇಳಿದ್ದುಂಟಾ? ಪೆನ್ಸಿಲು ಕಳೆದುಕೊಂಡರೆ ಪಕ್ಕದವನ ಹತ್ತಿರ ಕೇಳಲಿಕ್ಕೆ ನಾಚಿಕೆ ಅಂತ ಬರೆಯದೆ ಪೆಟ್ಟು ತಿಂದು ಬರುತ್ತಿದ್ದ. ಅಂಥವನು ಕಾಪುವಿನವರೆಗೆ ಹೋಗಿ, ಬಾಯಿ ಬಿಟ್ಟು ಕೇಳಿ ತಂದದ್ದು ಇದು. ಅದೇ ಸಂಕಲ್ಪ.”

ಸುಭಾಷಿಣಿ ಒಳಗೆ ಹೋದರು. ಸ್ವಲ್ಪ ಹೊತ್ತು ಪಾತ್ರೆಗಳ ಸದ್ದು ಜೋರಾಗಿ ಕೇಳಿಸಿತು. ತೊಳೆದಿಟ್ಟ ಪಾತ್ರೆಗಳನ್ನೇ ಅವರು ಮತ್ತೆ ತೊಳೆಯುತ್ತಿದ್ದರು. ಅಭಿರಾಮ ಭಟ್ಟರ ಮುಖ ನೋಡಿದ, ಅಕ್ಕನ ಮುಖ ನೋಡಿದ, ಚಪ್ಪಲಿ ಮೆಟ್ಟಿದ. “ಆ ಶಾಲೆಯವರಿಗೆ ಎಂತ ಹೇಳಲಿ?”

“ಬೇರೆ ಜನ ನೋಡಲಿ ಅಂತ ಹೇಳು,” ಎಂದಳು ಹರಿಪ್ರಿಯಾ. ಎಷ್ಟೋ ದಿನಗಳ ಮೇಲೆ ಹೂಂ ಅಲ್ಲದ ಮಾತೊಂದು ಅವಳ ಬಾಯಿಂದ ಬಂದಿತ್ತು.

ಮರುದಿನ ಬೆಳಿಗ್ಗೆ ಭಟ್ಟರು ಜಪ ಮುಗಿಸಿ, ಟವರಿನ ಮಾತುಗಳನ್ನು ರಘುವೀರ ಬರೆದಿಟ್ಟಿದ್ದ ಹಾಳೆ ಹಿಡಿದು ಟೆರೇಸು ಹತ್ತಿದರು. ಇನ್ನೊಂದು ವಾಕಿಟಾಕಿ ಅಡುಗೆಮನೆಯ ಕಿಟಕಿಯಲ್ಲಿತ್ತು. ಹರಿಪ್ರಿಯಾ ತೆಂಗಿನಕಾಯಿ ತುರಿಯುತ್ತಿದ್ದಳು.

ಕಿಟಕಿ ಗರಗರ ಎಂದಿತು. ಆಮೇಲೆ ಮಂತ್ರ ಹೇಳುವ ಅದೇ ತೂಕದ ದನಿ: “ಹೋಟೆಲ್ ಪಾಪಾ ರೋಮಿಯೊ, ಉಡುಪಿ ಟವರ್. ಟ್ಯಾಕ್ಸಿ ಟು ಹೋಲ್ಡಿಂಗ್ ಪಾಯಿಂಟ್, ರನ್‌ವೇ ಟೂ ಸೆವೆನ್, ಕ್ಯೂಎನ್‌ಎಚ್ ಒನ್ ಝೀರೊ ಒನ್ ಟೂ.” ರನ್‌ವೇಯ ತುದಿಯವರೆಗೆ ಬಂದು ನಿಲ್ಲು, ಗಾಳಿಯ ಒತ್ತಡದ ಅಂಕೆ ಇಂತಿಷ್ಟು ಎಂದು ಅದರ ತಾತ್ಪರ್ಯ.

“ರೋಜರ್,” ಎಂದಳು ಹರಿಪ್ರಿಯಾ.

ಸ್ವಲ್ಪ ಹೊತ್ತಿನಲ್ಲಿ ಭಟ್ಟರೇ ಮೆಟ್ಟಿಲಿಳಿದು ಬಂದರು. “ಎಂತ ಇದು? ನಾನು ಅಷ್ಟುದ್ದ ಹೇಳಿದೆ, ನೀನು ಒಂದು ಹೂಂಗುಟ್ಟಿದೆ!”

“ಹಾಗೆ ಹೇಳಿಯೇ ನಾನು ಬಿದ್ದದ್ದು ಮಾವ.”

“ಬೀಳದೆ? ಸಂಕಲ್ಪ ಹೇಳಿಸುವಾಗ ಯಜಮಾನ ಬಾಯಿಯೊಳಗೆ ಗೊಣಗಿದರೆ ನಾನು ಮುಂದಕ್ಕೆ ಹೋಗುತ್ತೇನಾ? ಎಂಜಿನಿಯರ್ ಆದರೂ ಸರಿ, ಬ್ಯಾಂಕ್ ಮ್ಯಾನೇಜರ್ ಆದರೂ ಸರಿ. ನಾನು ಹೇಳಿದ್ದು ಅವರ ಬಾಯಲ್ಲಿ ಪೂರ್ತಿ ಬರಬೇಕು. ಇಲ್ಲವಾದರೆ ಅಲ್ಲಿಯೇ ನಿಲ್ಲಿಸುತ್ತೇನೆ. ನಿನಗೂ ಅಷ್ಟೇ.”

ಹಾಗೆಯೇ ಮಾಡಿದರು. ಒಂದು ಅಂಕೆ ಬಿಟ್ಟರೂ ವಿಮಾನ ರನ್‌ವೇಗೆ ಬರುವ ಹಾಗಿಲ್ಲ. ಕೆಲವು ದಿನ ಹೋಟೆಲ್ ಪಾಪಾ ರೋಮಿಯೊ ಬೆಳಗಿನಿಂದ ಮಧ್ಯಾಹ್ನದವರೆಗೆ ನಿಂತಲ್ಲೇ ನಿಂತಿತ್ತು. ರೇಡಿಯೋದಲ್ಲಿ ತ್ರೀ ಎನ್ನದೆ ಟ್ರೀ ಎನ್ನಬೇಕು, ನೈನ್ ಎನ್ನದೆ ನೈನರ್ ಎನ್ನಬೇಕು ಎಂದು ತಿಳಿದಾಗ ಭಟ್ಟರಿಗೆ ಆ ವಿದ್ಯೆಯ ಮೇಲೆ ಗೌರವ ಬಂತು. “ಇವರಲ್ಲಿಯೂ ಉಚ್ಚಾರಕ್ಕೆ ಶಾಸ್ತ್ರ ಉಂಟು!” ಎಂದು ಹೆಂಡತಿಗೆ ಹೇಳಿದರು. ಪೌರೋಹಿತ್ಯದಲ್ಲಿ ಅವರದ್ದೊಂದು ಕುಚೇಷ್ಟೆಯಿತ್ತು. ಯಜಮಾನ ನಿದ್ದೆಗಣ್ಣಿನಲ್ಲಿ ಗಿಳಿಪಾಠ ಒಪ್ಪಿಸುತ್ತಿದ್ದಾನೆ ಎಂದು ಕಂಡರೆ ಬೇಕೆಂದೇ ಬೇರೆಯವರ ಗೋತ್ರ ಹೇಳಿಬಿಡುತ್ತಿದ್ದರು. ಅವನು ಅದನ್ನೂ ಹೇಳಿದರೆ ಊಟದ ಪಂಕ್ತಿಯವರೆಗೂ ತಮಾಷೆ. ಇಲ್ಲಿಯೂ ಅದನ್ನೇ ಆಡಿದರು. ಟೂ ಸೆವೆನ್ ಎಂದು ಆರಂಭಿಸಿ ನಡುವೆ ಅದೇ ರನ್‌ವೇಯ ಎದುರು ತುದಿಯ ಅಂಕೆ, ಝೀರೊ ನೈನರ್, ಎಂದುಬಿಡುವುದು. ಅವಳು ಹಾಗೆಯೇ ತಿರುಗಿ ಹೇಳಿದಳೋ, “ಹೋಯಿತು. ಎದುರಿನಿಂದ ಇನ್ನೊಂದು ವಿಮಾನ ಬಂತು, ಇಬ್ಬರೂ ಹೋದಿರಿ,” ಎಂದು ಟೆರೇಸಿನಿಂದ ನಗುತ್ತಿದ್ದರು.

ಒಂದು ಸಂಜೆ ಸುಭಾಷಿಣಿ ಫೋನು ಇಟ್ಟು ಸಿಡುಕಿದರು. “ಶಂಕರಪುರದ ನನ್ನ ತಂಗಿ ಎಂತ ಕೇಳಿದಳು ಗೊತ್ತುಂಟಾ? ಮಗ ಹೋದ ದುಃಖಕ್ಕೆ ಭಾವನಿಗೆ ತಲೆ ಸರಿ ಇಲ್ಲವಂತೆ, ಟೆರೇಸಿನಲ್ಲಿ ಒಬ್ಬರೇ ಇಂಗ್ಲಿಷ್ ಮಾತಾಡುತ್ತಾರಂತೆ, ಹೌದಾ ಅಂತ.”

“ನೀನೆಂತ ಹೇಳಿದೆ?”

“ಎಂತ ಹೇಳುವುದು? ನಾಚಿಕೆಯಾಯಿತು.”

“ಅವರು ಹೇಳಿದ್ದನ್ನೆಲ್ಲ ನೀನು ತಿರುಗಿ ಹೇಳಬೇಕೆಂದಿಲ್ಲ. ಅದಕ್ಕೆ ರೋಜರ್ ಅಂದರೆ ಸಾಕು.”

ಸಮೀಕ್ಷಾ ಬಾಯಿಗೆ ಕೈ ಅಡ್ಡ ಹಿಡಿದಳು. ಆದರೂ ನಗು ಹೊರಗೆ ಬಂತು. ಸುಭಾಷಿಣಿ ಅವಳನ್ನು ದುರುಗುಟ್ಟಿ ನೋಡಿ ಅಕ್ಕಿ ನೆನೆ ಹಾಕಲು ಹೋದರು.

ಹರಿಪ್ರಿಯಾ ಬೆಳಿಗ್ಗೆ ಪಂಪು ಹಾಕುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಬಸಳೆ ಸೋಸುತ್ತಿದ್ದಳು. ಇದರ ನಡುವೆ ಕಿಟಕಿ ಮಾತಾಡುತ್ತಿತ್ತು, ಅವಳು ಉತ್ತರಿಸುತ್ತಿದ್ದಳು. ಅಳು ಬರಲಿಲ್ಲ. ಬರಬೇಕಿತ್ತೇನೋ. ಮಾತು ಮಾತ್ರ ಬಂತು. ಮೊದಲು ಮೆಲ್ಲಗೆ, ಆಮೇಲೆ ಪಕ್ಕದ ಮನೆಗೆ ಕೇಳಿಸುವಷ್ಟು.

ನವರಾತ್ರಿ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಸುಭಾಷಿಣಿ ಗ್ರೈಂಡರಿನ ಎದುರು ಕೂತಿದ್ದರು. ಕಿಟಕಿ ಎಂದಿನಂತೆ ಆಜ್ಞೆ ಕೊಟ್ಟಿತು. ಹರಿಪ್ರಿಯಾ ಒಗ್ಗರಣೆ ಸೌಟು ಹಿಡಿದುಕೊಂಡೇ ಗಡಗಡನೆ ತಿರುಗಿ ಹೇಳಿದಳು.

“ಕ್ಯೂಎನ್‌ಎಚ್ ಬಿಟ್ಟೆ,” ಎಂದರು ಸುಭಾಷಿಣಿ, ಹಿಟ್ಟಿನಿಂದ ಕಣ್ಣೆತ್ತದೆ.

ಹರಿಪ್ರಿಯಾ ತಿರುಗಿ ನೋಡಿದಳು.

“ಎಂತ ನೋಡುವುದು? ದಿನಾ ಕಿವಿಯ ಹತ್ತಿರ ಕೂಗಿದರೆ ಗೋಡೆಗೂ ಬಾಯಿಪಾಠ ಬರುತ್ತದೆ. ಸಾಸಿವೆ ಕರಟುತ್ತಾ ಉಂಟು, ನೋಡು.”

ಪರೀಕ್ಷೆ ಹೈದರಾಬಾದಿನಲ್ಲಿ. ಜೊತೆಗೆ ಸಮೀಕ್ಷಾ ರಜೆ ಹಾಕಿ ಹೊರಟಳು. ಹೊರಡುವಾಗ ಸುಭಾಷಿಣಿ ಬಾಗಿಲಿಗೆ ಬರಲಿಲ್ಲ. ಆದರೆ ಚೀಲ ಎತ್ತಿದಾಗ ಅದು ಭಾರವಾಗಿತ್ತು. ಅವಲಕ್ಕಿ, ಉಪ್ಪಿನಕಾಯಿ, ಬಾಳೆಹಣ್ಣು, ಎಲ್ಲದರ ಮೇಲೆ ಮಡಚಿದ ಟವೆಲು.

ಪರೀಕ್ಷಕರು ನಕಾಶೆಯೊಂದನ್ನು ಮುಂದಿಟ್ಟು, ಹೆಡ್‌ಸೆಟ್ಟು ಕೊಟ್ಟು, ಒಂದು ಕಾಲ್ಪನಿಕ ವಿಮಾನವನ್ನು ಮೇಲೆಬ್ಬಿಸಿದರು. ಹವಾಮಾನ ಕೆಡಿಸಿದರು, ಒಬ್ಬ ಪ್ರಯಾಣಿಕನಿಗೆ ಎದೆನೋವು ಬರಿಸಿದರು. ಹರಿಪ್ರಿಯಾ ಒಂದೊಂದನ್ನೂ ಕೇಳಿ ಪೂರ್ತಿ ತಿರುಗಿ ಹೇಳಿದಳು. ಇಳಿಯುವ ಹೊತ್ತಿಗೆ ಅವರು ಮೊದಲು ಹೇಳಿದ್ದ ರನ್‌ವೇಯನ್ನು ಬಿಟ್ಟು ಇನ್ನೊಂದು ತುದಿಯ ಅಂಕೆ ಹೇಳಿದರು, ದನಿಯಲ್ಲಿ ಏನೂ ವ್ಯತ್ಯಾಸವಿಲ್ಲದೆ.

ಅವಳಿಗೆ ಥಟ್ಟನೆ ಬೇರೆಯವರ ಗೋತ್ರ ನೆನಪಾಯಿತು. ನಗು ಬರುವುದನ್ನು ತಡೆದು, “ಕನ್ಫರ್ಮ್ ರನ್‌ವೇ,” ಎಂದು ಕೇಳಿದಳು.

ಪರೀಕ್ಷಕರು ಕನ್ನಡಕದ ಮೇಲಿನಿಂದ ನೋಡಿದರು. “ಎಲ್ಲಿ ಕಲಿತದ್ದು ನೀವು?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ಉಡುಪಿಯಲ್ಲಿ ಸರ್.”

“ಅಲ್ಲಿ ಟವರ್ ಉಂಟಾ?”

“ಉಂಟು ಸರ್,” ಎಂದಳು.

ಪಾಸಾದ ಸುದ್ದಿಯನ್ನು ಸಮೀಕ್ಷಾ ಫೋನಿನಲ್ಲಿ ಕಿರುಚಿ ಹೇಳಿದಳು. ಭಟ್ಟರು ಕೇಳಿದ್ದು ಒಂದೇ: “ಒಂದೂ ಬಿಡಲಿಲ್ಲವಲ್ಲ?”

ಆಮೇಲಿನ ವಾರಗಳು ಘಟ್ಟದ ಮೇಲಿನ ಹಾರಾಟದ ಶಾಲೆಯಲ್ಲಿ ಕಳೆದವು. ಹಗಲಿನ ಪರೀಕ್ಷೆ, ರಾತ್ರಿಯ ಪರೀಕ್ಷೆ, ದೂರದ ಊರಿಗೆ ಹೋಗಿ ಬರುವ ಪರೀಕ್ಷೆ. ಮೋಡದೊಳಗಿನ ಹಾರಾಟಕ್ಕೆ ಕಣ್ಣಿಗೆ ಮರೆ ಕಟ್ಟಿ, ಮುಂದಿನ ಗಾಜು ಕಾಣದ ಹಾಗೆ ಮಾಡಿ, ಉಪಕರಣಗಳ ಮುಳ್ಳುಗಳನ್ನಷ್ಟೇ ನೋಡಿ ಇಳಿಸು ಎಂದರು. ಇಳಿಸಿದಳು. ಪ್ರತಿ ಸಂಜೆ ಸುಭಾಷಿಣಿಯ ಫೋನು ಬರುತ್ತಿತ್ತು. ವಿಮಾನದ ಮಾತೇ ಇಲ್ಲ. “ಊಟ ಆಯಿತಾ? ಎಂತ ಪಲ್ಯ? ಅದರಲ್ಲಿ ತೆಂಗಿನಕಾಯಿಯೇ ಇರಲಿಕ್ಕಿಲ್ಲ.”

ಎರಡು ಎಂಜಿನ್ನಿನ ಪರೀಕ್ಷೆ ಕೊನೆಯದು, ಡಿಸೆಂಬರಿನಲ್ಲಿ. ಎತ್ತರದಲ್ಲಿ ಹೋಗುತ್ತಿರುವಾಗ ಪರೀಕ್ಷಕರು ಹೇಳದೆ ಕೇಳದೆ ಎಡದ ಎಂಜಿನ್ನಿನ ಶಕ್ತಿ ಇಳಿಸಿಬಿಟ್ಟರು. ಮೂತಿ ಎಡಕ್ಕೆ ಎಳೆಯಿತು. ಒಂದು ನಿಂತ ಮೇಲೆ ಉಳಿದ ಒಂದರಲ್ಲಿ ನೇರ ಹೋಗುವುದು ಹೇಗೆಂದು ತೋರಿಸುವುದೇ ಆ ಪರೀಕ್ಷೆ. ಹರಿಪ್ರಿಯಾ ಬಲಗಾಲಿನ ಪೆಡಲನ್ನು ತೊಡೆ ನಡುಗುವವರೆಗೆ ಒತ್ತಿ ಹಿಡಿದಳು. ಮೂತಿ ಮೆಲ್ಲಗೆ ತಿರುಗಿ ನೆಟ್ಟಗಾಯಿತು. ಹಾಗೆಯೇ ಹೋದಳು. ಹಾಗೆಯೇ ಇಳಿಸಿದಳು. ಕೆಳಗೆ ಬಂದ ಮೇಲೆ ಬಲಗಾಲು ಊರಲು ಆಗಲಿಲ್ಲ. ರೆಕ್ಕೆ ಹಿಡಿದು ನಿಂತಳು. ನಿಂತಲ್ಲೇ ಕಣ್ಣಿನಿಂದ ನೀರು ಸುರಿಯಿತು. ಅಲ್ಲಿದ್ದವರು ಸಂತೋಷಕ್ಕೆ ಎಂದುಕೊಂಡರು. ಅದೂ ಸುಳ್ಳಾಗಿರಲಿಲ್ಲ.

ಅವಧಿ ಮುಗಿಯುವ ಮೊದಲೇ ಅರ್ಜಿ ಹೋಯಿತು. ಲೈಸೆನ್ಸು ಬಂದದ್ದು ಫೆಬ್ರವರಿಯಲ್ಲಿ. ಸಮೀಕ್ಷಾ ಅದನ್ನು ಜಗಲಿಯಲ್ಲಿ ನಿಂತು ಗಟ್ಟಿಯಾಗಿ ಓದಿದಳು: ಹೆಸರು, ಒಂದು ಎಂಜಿನ್ನಿನದು, ಎರಡು ಎಂಜಿನ್ನಿನದು, ಉಪಕರಣ ಹಾರಾಟ. ಭಟ್ಟರು ಕಣ್ಣು ಮುಚ್ಚಿ ಕೇಳಿದರು. “ಇನ್ನೊಮ್ಮೆ,” ಎಂದರು. ಅವಳು ಇನ್ನೊಮ್ಮೆ ಓದಿದಳು.

ಮಧ್ಯಾಹ್ನ ಎಲೆಯ ತುದಿಗೆ ಹೆಸರುಬೇಳೆ ಪಾಯಸ ಬಿತ್ತು.

“ಅಮ್ಮಾ! ವರ್ಷ ಆಗದೆ ಪಾಯಸ?”

“ಹಬ್ಬಕ್ಕೆ ಮಾಡಿದ್ದಲ್ಲ. ಬೇಳೆಗೆ ಹುಳ ಹಿಡಿಯುತ್ತಾ ಇತ್ತು,” ಎಂದರು ಸುಭಾಷಿಣಿ. ಹುಳ ಹಿಡಿದ ಬೇಳೆಗೆ ಗೋಡಂಬಿಯೂ ತುಪ್ಪವೂ ಇಷ್ಟು ಯಾಕೆ ಎಂದು ಯಾರೂ ಕೇಳಲಿಲ್ಲ. ಭಟ್ಟರು ಎರಡನೆಯ ಸಲ ಹಾಕಿಸಿಕೊಂಡರು.

ವಿಮಾನ ಕಂಪೆನಿಯೊಂದರಿಂದ ತರಬೇತಿಗೆ ಕರೆ ಬಂತು. ಹೊರಡುವ ಹಿಂದಿನ ದಿನ ಹರಿಪ್ರಿಯಾ ಹಲಗೆಯ ಹತ್ತಿರ ಹೋದಳು.

“ಮಾವ, ಈಗ ಕೊಡಬಹುದಾ?”

“ಈಗ ಕೊಡಬಹುದು. ಮುಗಿಯಿತು.”

“ನಾವೂ ಬರುತ್ತೇವೆ,” ಎಂದರು ಸುಭಾಷಿಣಿ. “ಸಮುದ್ರ ನೋಡದೆ ಎಷ್ಟೋ ಕಾಲ ಆಯಿತು.”

ಸಮೀಕ್ಷಾಳ ಸ್ಕೂಟರಿನಲ್ಲಿ ಸುಭಾಷಿಣಿ, ಹರಿಪ್ರಿಯಾಳ ಹಿಂದೆ ಚೀಲ ತಬ್ಬಿಕೊಂಡ ಭಟ್ಟರು. ಅಲೆಕ್ಸಾಂಡರನ ಗೋದಾಮು ಕಾಪುವಿನ ದೀಪಸ್ತಂಭದ ಕಡೆಗೆ ಹೋಗುವ ದಾರಿಯಲ್ಲಿತ್ತು. ಕುರ್ಚಿಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದವನು ಅವರನ್ನು ಕಂಡು ಕೈ ಒರೆಸಿಕೊಂಡು ಬಂದ.

“ಭಟ್ರೇ, ಬನ್ನಿ. ಅಯ್ಯೋ, ಅದನ್ನೆಂತಕ್ಕೆ ತಂದಿರಿ? ಇರಲಿ ಬಿಡಿ ಅಕ್ಕ. ರಘು ಕೊಂಡು ಹೋದದ್ದಲ್ವಾ.”

“ಎರಡು ದಿನಕ್ಕೆ ಅಂತ ಕೇಳಿದ್ದರು,” ಎಂದಳು ಹರಿಪ್ರಿಯಾ. “ಸ್ವಲ್ಪ ತಡವಾಯಿತು.”

“ಮತ್ತೆ ಫೋನು ಮಾಡಿ ಅವನು ಹೇಳಿದ್ದ, ಹೆಂಡತಿ ಪಾಸಾದ ದಿನವೇ ತಂದು ಕೊಡುತ್ತೇನೆ ಅಂತ. ಆಯಿತಾ?”

“ಆಯಿತು.”

ಚೀಲಕ್ಕೆ ಕೈ ಹಾಕಿದಳು. ಚಾರ್ಜರು ಇತ್ತು, ವಾಕಿಟಾಕಿ ಒಂದೇ ಇತ್ತು. ಮಾವನ ಮುಖ ನೋಡಿದಳು. ಭಟ್ಟರು ಶಾಮಿಯಾನದ ಬಟ್ಟೆಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಅವಳ ಕೈಯಲ್ಲಿದ್ದದ್ದು ಗರಗರ ಎಂದಿತು.

“ಹೋಟೆಲ್ ಪಾಪಾ ರೋಮಿಯೊ.” ಭಟ್ಟರ ದನಿ ಅಲ್ಲ. “ಉಡುಪಿ ಟವರ್. ರನ್‌ವೇ ಟೂ ಸೆವೆನ್…”

ಹರಿಪ್ರಿಯಾ ಬಾಗಿಲಿಗೆ ಬಂದಳು. ರಸ್ತೆಯ ಆಚೆ, ಮರಳು ಆರಂಭವಾಗುವಲ್ಲಿ, ಸುಭಾಷಿಣಿ ಸಮುದ್ರಕ್ಕೆ ಮುಖ ಮಾಡಿ ನಿಂತಿದ್ದರು. ಒಂದು ಕೈಯಲ್ಲಿ ಹಾರುವ ಸೆರಗು, ಇನ್ನೊಂದರಲ್ಲಿ ಬಾಯಿಗೆ ತೀರ ಹತ್ತಿರ ಹಿಡಿದ ವಾಕಿಟಾಕಿ.

“ವಿಂಡ್… ಇಲ್ಲಿ ಗಾಳಿ ಜೋರುಂಟು ಮಾರಾಯ್ತಿ. ಜಾಗ್ರತೆ. ಕ್ಲಿಯರ್ಡ್ ಫಾರ್ ಟೇಕಾಫ್.”

ಭಟ್ಟರು ಈಗ ತಿರುಗಿ ಸೊಸೆಯನ್ನೇ ನೋಡುತ್ತಿದ್ದರು, ಸಂಕಲ್ಪ ಹೇಳಿಸುವಾಗ ಯಜಮಾನನ ಬಾಯಿಯನ್ನು ನೋಡುವ ಹಾಗೆ.

ಗಾಳಿಯ ಮಾತನ್ನು ತಿರುಗಿ ಹೇಳಬೇಕೆಂಬ ನಿಯಮವಿಲ್ಲ. ಹರಿಪ್ರಿಯಾ ಗುಂಡಿ ಒತ್ತಿದಳು.

“ರನ್‌ವೇ ಟೂ ಸೆವೆನ್. ಗಾಳಿ ಜೋರುಂಟು. ಜಾಗ್ರತೆ. ಕ್ಲಿಯರ್ಡ್ ಫಾರ್ ಟೇಕಾಫ್, ಹೋಟೆಲ್ ಪಾಪಾ ರೋಮಿಯೊ.”

ಆಮೇಲೆ ರಸ್ತೆ ದಾಟಿ ಹೋಗಿ ಅತ್ತೆಯ ಕೈಯಲ್ಲಿದ್ದದ್ದನ್ನು ತಂದಳು. ಎರಡರ ಸ್ವಿಚ್ಚನ್ನೂ ಟಕ್ ಎಂದು ತಿರುಗಿಸಿ ಹಸಿರು ದೀಪ ಆರಿದ್ದನ್ನು ನೋಡಿ, ಜೋಡಿಯನ್ನು ಅಲೆಕ್ಸಾಂಡರನ ಕೈಗೆ ಕೊಟ್ಟಳು.